ಬೆಲ್ಲದಂಥದ್ದು

ನಾಲಿಗೆಯ ತುದಿಯಲ್ಲಿ ಆ ಒಗರು ಇನ್ನೂ ಕೂತಿತ್ತು. ಬೆಳಿಗ್ಗೆ ಎದ್ದು ಎರಡೆರಡು ಸಲ ಹಲ್ಲುಜ್ಜಿದ್ದಾಯಿತು, ಅವ್ವ ಕೊಟ್ಟ ಕಾಫಿ ಕುಡಿದದ್ದಾಯಿತು, ಬೂಕನಕೆರೆಯಲ್ಲಿ ಬಸ್ಸು ಹತ್ತಿ ಕಿಟಕಿಗೆ ಒರಗಿ ಎಂಜಲು ನುಂಗಿ ನುಂಗಿ ನೋಡಿದ್ದೂ ಆಯಿತು. ಹೋಗಲಿಲ್ಲ. ನೆನ್ನೆ ಸಂಜೆ ಪ್ಯಾಕಿಂಗ್ ಕೋಣೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ತಾನು ಸೀಗೆ ಬಿಲ್ಲೆಯೊಂದನ್ನು ನೆಕ್ಕಿದೆ ಎಂದು ಕೀರ್ತನ ತನಗೆ ತಾನೇ ಒಪ್ಪಿಸಿದಳು. ಒಪ್ಪಿಸಿದರೆ ಹಗುರಾಗುತ್ತದೆಂದುಕೊಂಡಿದ್ದಳು, ಆಗಲಿಲ್ಲ. ಬಿಎಸ್ಸಿ ಮುಗಿಸಿದ ಹುಡುಗಿ, ತಲೆಗೆ ಉಜ್ಜಿಕೊಳ್ಳುವ ಸೋಪನ್ನು, ಬಾಗಿಲಿಗೆ ಬೆನ್ನು ಹಾಕಿ ನಿಂತುಕೊಂಡು, ಮಕ್ಕಳು ಐಸ್‌ಕ್ಯಾಂಡಿ ನೆಕ್ಕುವ ಹಾಗೆ. ಇದನ್ನು ಡೈರಿಯಲ್ಲೂ ಬರೆಯಲಾಗಿರಲಿಲ್ಲ. ಹೈಸ್ಕೂಲಿನಿಂದ ಬರೆದುಕೊಂಡು ಬಂದ ಡೈರಿ. ಯಾರಿಗೂ ಹೇಳದ್ದೆಲ್ಲ ಅದಕ್ಕೆ ಹೇಳುತ್ತಿದ್ದಳು. ನೆನ್ನೆ ಮಾತ್ರ ತಾರೀಖು ಹಾಕಿ, ‘ಇವತ್ತು ಬಿಸಿಲು ಜಾಸ್ತಿ’ ಎಂದಷ್ಟೇ ಬರೆದು ಮುಚ್ಚಿದ್ದಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೊಪ್ಪಿನ ಚೀಲವನ್ನು ಕಾಲಸಂದಿಗೆ ಎಳೆದುಕೊಂಡು, ‘ಯಾಕವ್ವ, ವಾಂತಿ ಬಂದಂಗಾಯ್ತದಾ? ಕಿಟಕಿ ತಗಿ’ ಎಂದಳು. ಇಲ್ಲ ಎನ್ನಲು ಬಾಯಿ ತೆರೆದವಳು ಸುಮ್ಮನೆ ಕಿಟಕಿ ತೆಗೆದಳು. ವಾಂತಿ ಬರುವವಳ ಹಾಗೆ ಮುಖವನ್ನೂ ಹೊರಗೆ ಹಾಕಿದಳು. ಬೇರೆಯವರು ತನ್ನನ್ನು ಏನೆಂದುಕೊಂಡರೂ ಅದಕ್ಕೆ ತಕ್ಕ ಹಾಗೆ ಇದ್ದುಬಿಡುವುದು ಅವಳಿಗೆ ಸುಲಭವಾಗಿತ್ತು. ಕೆ.ಆರ್. ಪೇಟೆಯ ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು ಹಾಜರಿ ಕರೆಯುವಾಗ ಮೂರು ವರ್ಷವೂ ‘ಕೀರ್ತಿ’ ಎಂದೇ ಕರೆದರು. ಅವಳು ಮೂರು ವರ್ಷವೂ ‘ಪ್ರೆಸೆಂಟ್ ಸಾರ್’ ಎಂದಳು. ಕೊನೆಕೊನೆಗೆ ಕೀರ್ತಿ ಎಂಬ ಹುಡುಗಿ ಎಲ್ಲೋ ನಿಜವಾಗಿ ಇದ್ದಾಳೆ, ಅವಳ ಹಾಜರಿಯನ್ನು ತಾನು ಕದಿಯುತ್ತಿದ್ದೇನೆ ಅನ್ನಿಸತೊಡಗಿತ್ತು.

ಚಿನಕುರಳಿ ಹತ್ತಿರವಾದಂತೆ ಆಲೆಮನೆಯ ಹೊಗೆ ಬಸ್ಸಿನೊಳಕ್ಕೇ ಬಂತು. ಆ ವಾಸನೆಗೆ ಬಾಯಲ್ಲಿ ನೀರೂರಿ, ಊರಿದ ನೀರಿಗೆ ಒಗರು ಸೇರಿಕೊಂಡು, ಕೀರ್ತನಳಿಗೆ ತನ್ನ ಬಾಯಿಯೇ ಅಸಹ್ಯವಾಯಿತು. ಚಿಕ್ಕವಳಿದ್ದಾಗ ಅಪ್ಪನ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂತು ಇದೇ ಹೊಗೆಯೊಳಗೆ ಹೋಗುತ್ತಿದ್ದಳು. ಹಿಂದಿನ ಕ್ಯಾರಿಯರಿನಲ್ಲಿ ಹಗ್ಗ ಬಿಗಿದ ಅಚ್ಚಿನ ಮಣೆಗಳು. ಹೊನ್ನೆ ಮರದ ಹಲಗೆ, ಹಲಗೆಯ ತುಂಬ ಸಾಲಾಗಿ ಕೊರೆದ ಗುಳಿಗಳು, ಬಿಸಿ ಪಾಕ ಹುಯ್ದು ಆರಿದ ಮೇಲೆ ಮಣೆಯನ್ನು ಮಗುಚಿ ಒಂದು ಏಟು ಕೊಟ್ಟರೆ ಬೆಲ್ಲದ ಅಚ್ಚುಗಳು ಪಟಪಟನೆ ಉದುರಬೇಕು. ಒಂದೂ ಮುಕ್ಕಾಗಬಾರದು, ಒಂದೂ ಅಂಟಿಕೊಳ್ಳಬಾರದು. ಲಕ್ಷ್ಮಣಾಚಾರಿಯ ಅಚ್ಚು ಎಂದರೆ ಸುತ್ತಲಿನ ಆಲೆಮನೆಯವರು ಕೇಳಿ ತೆಗೆದುಕೊಳ್ಳುತ್ತಿದ್ದ ಕಾಲ. ಆಮೇಲೆ ಒಬ್ಬರು ಬಕೆಟ್ಟಿಗೆ ಹುಯ್ದರು, ಇನ್ನೊಬ್ಬರು ತಗಡಿನ ಪೆಟ್ಟಿಗೆಗೆ ಹುಯ್ದರು, ಅಪ್ಪ ಮಂಚದ ಕಾಲು ರಿಪೇರಿ ಮಾಡುವವನಾದ. ಪ್ಲೈವುಡ್ಡಿನ ಬಾಗಿಲು ತಂದು ಕೂರಿಸಿ ಹೋಗುವ ಹುಡುಗರಿಗೆ ಮೊಳೆ ಎತ್ತಿಕೊಡುವವನೂ ಆದ. ಆ ದಿನಗಳಲ್ಲಿ ಅಪ್ಪ ಮಾತು ಬಿಟ್ಟಿದ್ದ. ಮನೆಯಲ್ಲಿ ಮಾತಾಡದವರು ಇಬ್ಬರಾದಾಗ ಅವ್ವ ಒಬ್ಬಳೇ ಮಾತಾಡಿ ಮಾತಾಡಿ ಸುಸ್ತಾಗಿ, ‘ಅಪ್ಪ ಮಗಳು ಸೇರ್ಕಂಡು ನನ್ನ ಗೋಡೆ ಜೊತೆ ಸಂಸಾರ ಮಾಡುಸ್ತಾವ್ರೆ’ ಎಂದು ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು. ಈಗ ಅಪ್ಪ ಮತ್ತೆ ಮಾತಾಡುತ್ತಾನೆ. ಮಾತಾಡುವುದಷ್ಟೇ ಅಲ್ಲ, ಟೀ ಅಂಗಡಿಯಲ್ಲಿ ಮಂಚಯ್ಯ, ‘ಏನ್ಲಾ ಆಚಾರಿ, ಪರಂಗಿಯೋರ ತಲೆಗೆ ಬೆಲ್ಲ ಮೆತ್ತಾಕ್ ಹೊಂಟಿದ್ದೀಯಂತೆ? ನಾಳೀಕೆ ಇರುವೆ ಕಚ್ಚುದ್ರೆ ನಿನ್ನ ಬುಡಾಕಿಲ್ಲ ಕಣ್ಲಾ ಅವ್ರು’ ಎಂದು ಕಾಲೆಳೆದರೆ, ‘ಕಚ್ಲಿ ಬುಡ್ಲಾ, ಅಲ್ಲಿ ಇರುವೆಗೂ ಚಳಿ, ಬಾಯ್ ತಗಿಯಾಕಿಲ್ಲ’ ಎಂದು ತಿರುಗಿ ಹೇಳುವಷ್ಟು ಮಾತಾಡುತ್ತಾನೆ. ಆ ಮಾತನ್ನು ಮನೆಗೆ ಬಂದು ಅವ್ವನಿಗೆ ಹೇಳಿ ತಾನೇ ನಕ್ಕಿದ್ದ. ಅಪ್ಪನ ಹಿಂದಿನ ಹಲ್ಲೊಂದು ಇಲ್ಲವೆಂಬುದು ಕೀರ್ತನಳಿಗೆ ಅವತ್ತೇ ಗೊತ್ತಾದದ್ದು. ಅಷ್ಟು ವರ್ಷ ಅವನು ಬಾಯಿಬಿಟ್ಟು ನಕ್ಕಿರಲಿಲ್ಲ.

ಆ ನಗುವನ್ನು ಕೊಟ್ಟದ್ದು ಸುನಿತಕ್ಕ. ಪಾಂಡವಪುರದ ಹೊರಗೆ, ನಾಲೆಯ ಪಕ್ಕದ ಗದ್ದೆಬಯಲಿನಲ್ಲಿ ಗಂಡನ ಮನೆಯವರ ಆಲೆಮನೆ ಮುಚ್ಚಿಹೋಗಿತ್ತು. ಕೊಪ್ಪರಿಗೆ ಮಾರಿ, ಶೆಡ್ಡಿಗೆ ಸುಣ್ಣ ಬಳಿಸಿ, ಸುನಿತಕ್ಕ ಅಲ್ಲಿ ಸೀಗೆಕಾಯಿ, ಅಂಟುವಾಳ, ಕೊಬ್ಬರಿ ಎಣ್ಣೆ ಸೇರಿಸಿ ತಲೆಗೆ ಹಚ್ಚುವ ಬಿಲ್ಲೆ ಮಾಡತೊಡಗಿದಳು. ಊರಿನ ಹೆಂಗಸರು ಆರು ಮಂದಿ ಬಂದು ಅರೆಯುತ್ತಿದ್ದರು, ಕಲಸುತ್ತಿದ್ದರು. ಬಿಲ್ಲೆಗೆ ಬೆಲ್ಲದ ಬಣ್ಣ ತಾನಾಗಿಯೇ ಬಂತು. ಬಂದ ಬಣ್ಣಕ್ಕೆ ಬೆಲ್ಲದ ಆಕಾರವನ್ನೂ ಕೊಟ್ಟರೆ ಹೇಗೆ ಅನ್ನಿಸಿದ್ದು ಸುನಿತಕ್ಕನಿಗೆ. ಏಲಕ್ಕಿ ಎಣ್ಣೆ ಎರಡು ಹನಿ ಬಿಟ್ಟರೆ ಹೇಗೆ ಅನ್ನಿಸಿದ್ದೂ ಅವಳಿಗೇ. ಅಚ್ಚು ಕೆತ್ತಲು ಲಕ್ಷ್ಮಣಾಚಾರಿಯನ್ನು ಹುಡುಕಿಕೊಂಡು ಬೂಕನಕೆರೆಯವರೆಗೆ ಕಾರಿನಲ್ಲಿ ಬಂದಳು. ಬಂದವಳು ಒಳಕೋಣೆಯ ಬಾಗಿಲಸಂದಿಯಲ್ಲಿ ನಿಂತಿದ್ದ ಕೀರ್ತನಳನ್ನು ನೋಡಿ, ‘ಇವಳು ಏನು ಓದಿದ್ದಾಳೆ?’ ಎಂದು ಕೇಳಿದಳು. ಹಾಗೆ ಅಪ್ಪನಿಗೂ ಮಗಳಿಗೂ ಒಂದೇ ದಿನ ಕೆಲಸ ಸಿಕ್ಕಿತು. ಮಗಳ ಕೆಲಸ ಇಂಗ್ಲಿಷು ಓದುವುದು. ಯೂರೋಪಿಗೆ ಮಾಲು ಹೋಗಬೇಕಾದರೆ ಪೊಟ್ಟಣದ ಮೇಲೆ ಏನೇನು ಇರಬೇಕು, ಸೀಗೆಗೂ ಅಂಟುವಾಳಕ್ಕೂ ಯಾವ ಲ್ಯಾಟಿನ್ ಹೆಸರು ಹಾಕಬೇಕು, ಮುಚ್ಚಳ ತೆರೆದ ಡಬ್ಬಿಯ ಆ ಪುಟ್ಟ ಚಿತ್ರದೊಳಗೆ ತೆರೆದ ಮೇಲೆ ಎಷ್ಟು ತಿಂಗಳು ಬಾಳಿಕೆ ಎಂದು ಬರೆಯಬೇಕು, ಕಾಗದಕ್ಕೆ ಪ್ಲಾಸ್ಟಿಕ್ಕು ಅಂಟಿಸಿದರೆ ಅದನ್ನು ಅಲ್ಲಿನವರು ಯಾವ ಕಸಕ್ಕೆ ಹಾಕುತ್ತಾರೆ, ಎಲ್ಲ ಓದಿ ಒಪ್ಪುವಂಥ ಹೊದಿಕೆಯೊಂದನ್ನು ಆರಿಸಿಡುವುದು. ಸುನಿತಕ್ಕ ಬಂದವರಿಗೆಲ್ಲ ‘ನಮ್ಮ ಕಾನೂನು ಡಿಪಾರ್ಟ್‌ಮೆಂಟು’ ಎಂದು ಅವಳನ್ನು ತೋರಿಸುತ್ತಿದ್ದಳು. ಡಿಪಾರ್ಟ್‌ಮೆಂಟು ತಲೆ ತಗ್ಗಿಸಿಕೊಂಡು ದುಪಟ್ಟದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿತ್ತು.

ಓದುತ್ತ ಓದುತ್ತ ಆ ಸಾಲು ಸಿಕ್ಕಿತು. ತಿನ್ನುವ ವಸ್ತುವಲ್ಲದ್ದು, ಆಕಾರದಲ್ಲೋ ಬಣ್ಣದಲ್ಲೋ ವಾಸನೆಯಲ್ಲೋ ಅಳತೆಯಲ್ಲೋ ಹೊದಿಕೆಯಲ್ಲೋ ತಿನ್ನುವ ವಸ್ತುವಿನಂತೆ ಕಂಡು, ಜನ, ಅದರಲ್ಲೂ ಮಕ್ಕಳು, ಮೋಸಹೋಗಿ ಬಾಯಿಗಿಟ್ಟು ಚೀಪಿದರೆ, ನುಂಗಿದರೆ, ಅಪಾಯವಾಗುವ ಹಾಗಿದ್ದರೆ, ಅಂಥದನ್ನು ಮಾರುವಂತಿಲ್ಲ. ಅಷ್ಟೇ. ಎಲ್ಲ ಕಾನೂನುಗಳೂ ಹಲವು ಬಾಯಲ್ಲಿ ಮಾತಾಡುತ್ತಿದ್ದರೆ ಇದೊಂದು ಮಾತ್ರ ಒಂದೇ ಬಾಯಲ್ಲಿ ಮಾತಾಡಿತು. ಅವತ್ತು ಅವಳು ಪುಟವನ್ನು ಮುಚ್ಚಿ ಕೈತೊಳೆದುಕೊಂಡು ಬಂದಳು. ಯಾಕೆ ಕೈ ತೊಳೆದಳೋ ಗೊತ್ತಿಲ್ಲ. ಆಮೇಲಿನ ದಿನಗಳಲ್ಲಿ ಆ ಸಾಲಿನ ಜೊತೆ ವಾದಿಸತೊಡಗಿದಳು. ಅಲ್ಲಿನ ಮಕ್ಕಳಿಗೆ ಬೆಲ್ಲವೇ ಗೊತ್ತಿಲ್ಲ, ಗೊತ್ತಿಲ್ಲದ್ದರ ಹಾಗೆ ಕಂಡರೆ ಏನು ತಪ್ಪು? ಆದರೆ ಬೆಲ್ಲ ಗೊತ್ತಿಲ್ಲದ ಮಗುವಿಗೆ ಅದು ಮಿಠಾಯಿಯ ಹಾಗೆ ಕಾಣಬಹುದು. ಪೊಟ್ಟಣದ ಮೇಲೆ ‘ತಿನ್ನಬೇಡಿ’ ಎಂದು ಬರೆದರೆ? ಮಕ್ಕಳು ಓದುವುದಿಲ್ಲ. ಗಟ್ಟಿ ಡಬ್ಬಿಯೊಳಗೆ ಮುಚ್ಚಿಟ್ಟರೆ? ಡಬ್ಬಿಯನ್ನು ಯಾರಾದರೂ ತೆಗೆಯಲೇಬೇಕಲ್ಲ. ತೆಗೆದ ಮೇಲೆ ಅದು ಬಚ್ಚಲ ಕಟ್ಟೆಯ ಮೇಲೆ ಬೆತ್ತಲೆ ಕೂತಿರುತ್ತದೆ. ಯಾವ ಊರಿನದೋ ಬಚ್ಚಲು, ಯಾವುದೋ ಮಗು, ಚಿನ್ನದ ಕೂದಲಿನದೋ ಕಪ್ಪು ಕೂದಲಿನದೋ, ಮೆಲ್ಲಗೆ ಕೈ ಚಾಚುತ್ತದೆ. ಅಂಟುವಾಳದ ನೊರೆ ಗಂಟಲಿಗೆ ಇಳಿಯುತ್ತದೆ. ಇದು ಹೇಳಬೇಕಾದ ಮಾತು ಎಂದು ಗೊತ್ತಿತ್ತು. ಹೇಳಿದರೆ ಆಕಾರ ಬದಲಿಸಬೇಕು, ಅಪ್ಪನ ಅಚ್ಚು ಒಲೆಗೆ ಹೋಗಬೇಕು, ಸುನಿತಕ್ಕ ಪೇಟೆಯಿಂದ ರಬ್ಬರಿನ ಅಚ್ಚು ತರಿಸುತ್ತಾಳೆ. ಅಪ್ಪನ ಹಲ್ಲು ಮತ್ತೆ ಕಾಣದಾಗುತ್ತದೆ. ನೆನ್ನೆ ನೆಕ್ಕಿದ್ದು ಅದಕ್ಕೇ. ಒಂದು ಕ್ಷಣವಾದರೂ ಮೋಸಹೋಗುವಂತಿಲ್ಲ, ತುಟಿಗೆ ತಾಕುವ ಮೊದಲೇ ಗೊತ್ತಾಗಿಬಿಡುತ್ತದೆ ಎಂದು ಸಾಬೀತಾದರೆ ಸಾಕು, ಹೇಳಬೇಕಾಗಿಲ್ಲ. ಕಣ್ಣು ಮುಚ್ಚಿ ಬಿಲ್ಲೆಯನ್ನು ತುಟಿಯ ಹತ್ತಿರ ತಂದಾಗ ಏಲಕ್ಕಿಯ ವಾಸನೆಗೆ ಬಾಯಿ ತಾನಾಗಿ ತೆರೆದುಕೊಂಡಿತು. ನಾಲಿಗೆ ಬೆಲ್ಲಕ್ಕೆ ಸಿದ್ಧವಾಗಿಯೇ ಮುಂದೆ ಬಂತು.

ಶೆಡ್ಡಿನ ಅಂಗಳದಲ್ಲಿ ಸುನಿತಕ್ಕ ಫೋನಿನಲ್ಲಿದ್ದವಳು ಕೈಸನ್ನೆಯಲ್ಲೇ ಕರೆದಳು. ‘ಎಕ್ಸ್‌ಪೋರ್ಟ್ ರಘುನಂದನ್ ಸರ್ ನಾಗಮಂಗಲದ ಮನೆಗೆ ಬಂದವ್ರಂತೆ. ಬೆಳ್ಳೂರು ಕ್ರಾಸಿನಲ್ಲಿ ಇಡ್ಲಿ ತಿಂದ್ರಂತೆ, ಅದನ್ನೂ ಹೇಳ್ತಾರೆ. ಇಲ್ಲಿಗೇ ಬರ್ತಾರೆ, ಹೊದಿಕೆ ಇವತ್ತೇ ಫೈನಲ್. ನಿಮ್ಮಪ್ಪಂಗೂ ಬರಕ್ಕೆ ಹೇಳಿದ್ದೀನಿ, ಹೊಸ ಮಣೆ ತರ್ತಾರೆ. ಟೇಬಲ್ಲಿನ ಮೇಲೆ ಎಲ್ಲ ಜೋಡಿಸಿಡು. ಬಿಲ್ಲೆ ಬರಿದೂ ಇರ್ಲಿ ಒಂದು ತಟ್ಟೇಲಿ, ಹೊದಿಕೆ ಒಳಗಿಟ್ಟೂ ಇರ್ಲಿ.’ ಕೀರ್ತನ ನಿಂತೇ ಇದ್ದಳು. ‘ಅಕ್ಕ’ ಎಂದಳು. ಸುನಿತಕ್ಕ ಫೋನನ್ನು ಕಿವಿಯಿಂದ ಇಳಿಸಿದಳು. ‘ಏನೇ?’ ಕಣ್ಣೆದುರು ಸುನಿತಕ್ಕನ ಹಣೆಯ ಬೆವರು, ಬೆವರಿಗೆ ಅಂಟಿದ ಒಂದು ಕೂದಲು. ಮುಚ್ಚಿದ ಆಲೆಮನೆಯನ್ನು ಸೊಸೆ ಬಂದು ಬಚ್ಚಲುಮನೆ ಮಾಡಿದಳು ಎಂದು ಭಾವಂದಿರು ಆಡಿಕೊಂಡದ್ದನ್ನು ಒಮ್ಮೆ ಹೇಳಿಕೊಂಡು, ಕಣ್ಣು ಒರೆಸಿಕೊಂಡು, ಆ ಕಣ್ಣಿಗೇ ಮತ್ತೆ ಕಾಡಿಗೆ ತೀಡಿಕೊಂಡಿದ್ದವಳು. ‘ಸ್ಟೀಲ್ ತಟ್ಟೆಯಾ, ಪಿಂಗಾಣಿಯಾ?’ ಎಂದು ಕೀರ್ತನ ಕೇಳಿದಳು. ‘ಯಾವುದಾದ್ರೂ ಸರಿ ಕಣೆ, ಅದಕ್ಕೂ ಕಾನೂನೈತಾ?’ ಎಂದು ಸುನಿತಕ್ಕ ನಕ್ಕು ಮತ್ತೆ ಫೋನಿಗೆ ಹೋದಳು.

ಟೇಬಲ್ಲಿನ ಮೇಲೆ ಮೂರು ಬಗೆಯ ಹೊದಿಕೆಗಳನ್ನು ಜೋಡಿಸಿದಳು. ಒಂದು, ಗಾಜಿನಷ್ಟು ತಿಳಿಯಾದ ಹಾಳೆ. ಪ್ಲಾಸ್ಟಿಕ್ಕಿನಂತೆ ಕಂಡರೂ ಎಲೆಯ ಹಾಗೆ ಮಣ್ಣಿಗೆ ಸೇರುವಂಥದ್ದು. ಎರಡನೆಯದು, ಮುಂದೆ ದುಂಡನೆಯ ಕಿಂಡಿ ಇರುವ ಕಂದು ರಟ್ಟಿನ ಪೆಟ್ಟಿಗೆ. ಮೂರನೆಯದು, ಕಿಂಡಿಯೇ ಇಲ್ಲದ ಕುರುಡು ಪೆಟ್ಟಿಗೆ. ಮೂರರೊಳಗೂ ಬಿಲ್ಲೆಯನ್ನಿಟ್ಟು ದೂರ ನಿಂತು ನೋಡಿದಳು. ತಿಳಿ ಹಾಳೆಯಲ್ಲಿ ಅದು ಮದುವೆಮನೆಯಲ್ಲಿ ಕೊಡುವ ಸಿಹಿಯಾಗಿತ್ತು. ಕಿಂಡಿಯಲ್ಲಿ ಇಣುಕುವಾಗ ಅಂಗಡಿಯ ಗಾಜಿನ ಹಿಂದಿನ ಮೈಸೂರುಪಾಕಾಗಿತ್ತು. ಕುರುಡು ಪೆಟ್ಟಿಗೆಯಲ್ಲಿ ಅದು ಕೀರ್ತನಳ ಹಾಗೇ ಇತ್ತು. ಒಳಗೆ ಏನಿದೆಯೋ ಹೊರಗಿನವರಿಗೆ ತಿಳಿಯದು. ಉಳಿದ ಬಿಲ್ಲೆಗಳನ್ನು ಸ್ಟೀಲ್ ತಟ್ಟೆಯಲ್ಲಿ ಹರಡಿ ತುದಿಗಿಟ್ಟಳು. ಅಷ್ಟರಲ್ಲಿ ಮನೆಯ ಕಡೆಯ ಬಾಗಿಲಿಂದ ಸುನಿತಕ್ಕನ ಅತ್ತೆ ಸೋಮಮ್ಮ ಗೋಡೆ ಹಿಡಿದುಕೊಂಡು ಬಂದರು. ಒಂದು ಕಣ್ಣಿನ ಪೊರೆ ತೆಗೆಸಿದ್ದಾಗಿತ್ತು, ಇನ್ನೊಂದನ್ನು ತೆಗೆಸಲು ಒಲ್ಲೆ ಎಂದು ಕೂತಿದ್ದರು. ಕಿವಿ ತಮಗೆ ಬೇಕಾದ್ದನ್ನು ಮಾತ್ರ ಕೇಳುತ್ತಿತ್ತು. ತಟ್ಟೆಯ ಹತ್ತಿರ ಬಂದು ಬಗ್ಗಿ ಮೂಸಿದರು.

‘ಏನ್ ಮಗ ಇದು, ಬೆಲ್ಲವ ಇಂಗೆ ಬಯಲಲ್ಲಿ ಮಡಗಿದ್ದೀರಿ? ಇರುವೆ ಮುತ್ಕಳಾಕಿಲ್ವಾ?’

‘ಬಿಲ್ಲೆ, ಅಜ್ಜಿ’ ಎಂದಳು ಕೀರ್ತನ.

‘ಊಂ ಕಣವ್ವ, ಬೆಲ್ಲ್ವೇ. ನಂಗೇನ್ ಕಾಣಾಕಿಲ್ವಾ?’

‘ಅಲ್ಲ ಅಜ್ಜಿ, ಬಿಲ್ಲೆ…’ ಎಂದಳು ಮತ್ತೆ, ಮೊದಲಿಗಿಂತಲೂ ಮೆಲ್ಲಗೆ. ಎರಡನೆಯ ಸಲ ಹೇಳುವಾಗ ಅವಳ ದನಿ ಯಾವಾಗಲೂ ಇಳಿಯುತ್ತಿತ್ತು, ಒಂದು ಸಲ ಕೇಳದವರು ಇನ್ನೊಂದು ಸಲ ಕೇಳಬಾರದೆಂಬ ಹಾಗೆ. ಹೊರಗೆ ಅಪ್ಪನ ಸೈಕಲ್ಲಿನ ಗಂಟೆ ಕೇಳಿಸಿತು. ಸುನಿತಕ್ಕ ‘ಕೀರ್ತನಾ, ಬಾರೇ, ಮಣೆ ಇಳಿಸ್ಕೋ’ ಎಂದು ಕೂಗಿದಳು. ಅಜ್ಜಿಗೆ ಆಮೇಲೆ ಹೇಳಿದರಾಯಿತು ಎಂದುಕೊಂಡು ಅವಳು ಹೊರಗೆ ಓಡಿದಳು. ಆಮೇಲೆ ಎಂಬ ಮಾತು ಅವಳಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ ಅದನ್ನು ಅಂದುಕೊಂಡದ್ದೂ ಗಮನಕ್ಕೆ ಬರಲಿಲ್ಲ.

ಲಕ್ಷ್ಮಣಾಚಾರಿ ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು ಬಂದಿದ್ದ. ಅಷ್ಟು ದೂರ ಸೈಕಲ್ ತುಳಿದುಕೊಂಡು ಬಂದು ಬೆನ್ನಿಗೆ ಶರಟು ಅಂಟಿಕೊಂಡಿತ್ತು. ‘ಬಸ್ಸಲ್ಲಿ ಬರಬಾರದಾಗಿತ್ತಾಪ್ಪ?’ ಎಂದರೆ, ‘ಬಸ್ಸಲ್ಲಿ ಮೇಲ್ಗಡೆ ಎಸೀತಾರೆ ಕಣ್ ಕೂಸೆ, ಮೂಲೆ ಮುಕ್ಕಾದ್ರೆ?’ ಎಂದ. ಹಗ್ಗ ಬಿಚ್ಚಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದ ಮಣೆಯನ್ನು ಹಸುಗೂಸನ್ನು ಎತ್ತಿಕೊಡುವಂತೆ ಅವಳ ಕೈಗೆ ಕೊಟ್ಟ. ಗುಳಿಗಳ ಒಳಮೈ ಎಷ್ಟು ನಯವಾಗಿತ್ತೆಂದರೆ ಬೆರಳು ಜಾರಿತು. ಸುನಿತಕ್ಕ ನೋಡಿ, ‘ಆಹಾ, ಏನ್ ಆಚಾರ್ರೇ, ಕನ್ನಡಿ ಮಾಡ್ಬಿಟ್ಟಿದ್ದೀರಲ್ಲ’ ಎಂದಳು. ‘ವಸಿ ಆಳ ಮಾಡಿವ್ನಿ ಅಮ್ಮಾವ್ರೇ. ಹೋದ್ ಸಲದ್ದು ಬೆಲ್ಲಕ್ಕಿಂತ ಕೂದಲೆಳೆ ತೆಳ್ಳಗೆ ಬರೋದು. ಈಗ ಬೆಲ್ಲದ ಪಕ್ಕ ಮಡಗಿದ್ರೆ, ಉಟ್ಟಿಸ್ದೋನಿಗೂ ಗೊತ್ತಾಗ್ಬಾರ್ದು, ಅಂಗ್ ಬತ್ತದೆ.’ ಹೇಳಿ ಮಗಳ ಕಡೆ ನೋಡಿದ. ಆ ನೋಟದಲ್ಲಿ ಕೇಳಿಕೆಯಿತ್ತು. ಓದಿದ ಮಗಳು ಇದಕ್ಕೊಂದು ಮಾತು ಹೇಳಲಿ ಎಂಬಂಥದ್ದು. ‘ಚೆನ್ನಾಗಿದೆ ಅಪ್ಪ’ ಎಂದಳು. ಮಣೆ ಕೈಯಲ್ಲಿ ಭಾರವಾಯಿತು. ಎಲ್ಲಿಯಾದರೂ ಒಂದು ಮೂಲೆ ಮುಕ್ಕಾಗಿದ್ದರೆ, ಒಂದು ಗುಳಿ ಸೊಟ್ಟಗಿದ್ದಿದ್ದರೆ, ಅಪ್ಪ ಒಂಚೂರು ಕೆಟ್ಟ ಬಡಗಿಯಾಗಿದ್ದರೆ ಎಲ್ಲರೂ ಬದುಕಿಕೊಳ್ಳುತ್ತಿದ್ದರು ಅನ್ನಿಸಿ, ಅನ್ನಿಸಿದ್ದಕ್ಕೆ ಅಪ್ಪನ ಮುಖ ನೋಡಲಾಗದೆ ಮಣೆಯನ್ನು ಒಳಗೆ ಒಯ್ದಳು.

ರಘುನಂದನ್ ಬಂದಾಗ ಬಿಸಿಲು ನೆತ್ತಿಗೆ ಏರಿತ್ತು. ಇಂಥ ಸಣ್ಣಪುಟ್ಟವರ ಮಾಲನ್ನು ಹೊರದೇಶಕ್ಕೆ ದಾಟಿಸುವುದು ಅವರ ಕಸುಬು. ಬಂದವರೇ ಕೂರದೆ ಟೇಬಲ್ಲಿನ ಸುತ್ತ ಒಂದು ಸುತ್ತು ಬಂದು, ತಿಳಿ ಹಾಳೆಯ ಪೊಟ್ಟಣವನ್ನು ಬೆಳಕಿಗೆ ಹಿಡಿದರು. ‘ಇದೇ. ಬೇರೆ ಮಾತೇ ಇಲ್ಲ. ನೋಡಿದ್ರೆ ಬಾಯಲ್ಲಿ ನೀರು ಬರಬೇಕು. ಹೆಸರು ಗೊತ್ತಲ್ಲ ಮೇಡಂ? ಬೆಲ್ಲ. ನಮಗೆ ಬೆಲ್ಲ ಅಂದ್ರೆ ಬೆಲ್ಲ, ಇಟಲಿಯೋರಿಗೆ ಬೆಲ್ಲ ಅಂದ್ರೆ ಸುಂದರಿ! ಎರಡೂ ಕೆಲಸ ಒಂದೇ ಪದದಲ್ಲಿ.’ ಸುಂದರಿ ಎನ್ನುವಾಗ ಅವರ ಕಣ್ಣು ಕೋಣೆಯಲ್ಲಿದ್ದ ಹೆಂಗಸರ ಮೇಲೆ ಹಾದು, ಕೀರ್ತನಳನ್ನು ದಾಟಿ, ಕ್ಯಾಲೆಂಡರಿನ ಮೇಲೆ ನಿಂತಿತು. ಅವಳು ತನ್ನನ್ನು ದಾಟಿಹೋದ ಆ ಕಣ್ಣಿಗೆ ಒಂದು ರೀತಿ ಕೃತಜ್ಞಳಾದಳು. ಲಕ್ಷ್ಮಣಾಚಾರಿ ಬಾಗಿಲ ಬಳಿ ಚಪ್ಪಲಿ ಬಿಟ್ಟು ಗೋಡೆಗೆ ಆತು ನಿಂತು, ಅರ್ಥವಾದವನ ಹಾಗೆ ನಕ್ಕ. ‘ಕಾನೂನೆಲ್ಲ ಕ್ಲಿಯರ್ ತಾನೇ, ಕೀರ್ತಿ?’ ಎಂದು ರಘುನಂದನ್ ಕೇಳಿದರು.

ಈಗ ಹೇಳಬಹುದಾಗಿತ್ತು. ಬಾಗಿಲು ತಾನಾಗಿ ತೆರೆದಿತ್ತು, ಕಾಲಿಡುವುದೊಂದು ಬಾಕಿ. ‘ಸಾರ್, ಮುಚ್ಚಿದ ಪೆಟ್ಟಿಗೆ ಒಳ್ಳೇದು’ ಎಂದಳು. ದನಿ ಅಷ್ಟು ಬಂದದ್ದೇ ಆಶ್ಚರ್ಯವಾಗಿ ಮುಂದುವರಿಸಿದಳು. ಒಂದೇ ಜಾತಿಯ ಕಾಗದ, ಅಲ್ಲಿನವರಿಗೆ ಕಸ ಬೇರ್ಪಡಿಸಲು ಸುಲಭ, ಕಿಂಡಿಯ ಹಾಳೆಯನ್ನು ಕಿತ್ತು ಬೇರೆ ಹಾಕಬೇಕಾಗುತ್ತದೆ, ಬರಬರುತ್ತ ಇನ್ನೂ ಬಿಗಿ ಮಾಡುತ್ತಾರಂತೆ. ಎಲ್ಲವೂ ನಿಜವೇ. ನಿಜಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ ಹಾಗೆ, ಅವುಗಳ ಹಿಂದೆ ತಾನು ಬಚ್ಚಿಡುತ್ತಿದ್ದ ನಿಜ ಇನ್ನಷ್ಟು ದೊಡ್ಡದಾಗಿ ಕಾಣಿಸಿತು. ಒಂದು ಕಾನೂನಿನ ಸೆರಗಿನಲ್ಲಿ ಇನ್ನೊಂದು ಕಾನೂನನ್ನು ಕಟ್ಟಿಡುವ ಈ ಬುದ್ಧಿ ತನಗೆ ಎಲ್ಲಿಂದ ಬಂತು? ಸುನಿತಕ್ಕ ಹೆಮ್ಮೆಯಿಂದ ಕೇಳುತ್ತಿದ್ದಳು. ಅಪ್ಪ ಉಸಿರು ಬಿಗಿಹಿಡಿದು ಕೇಳುತ್ತಿದ್ದ. ಮಗಳು ಇಷ್ಟು ಜನರೆದುರು ಇಷ್ಟು ಹೊತ್ತು ಮಾತಾಡಿದ್ದನ್ನು ಅವನು ಹಿಂದೆಂದೂ ನೋಡಿರಲಿಲ್ಲ. ರಘುನಂದನ್ ಗಲ್ಲ ಕೆರೆದುಕೊಂಡರು. ‘ಸರಿ. ಹುಡುಗಿ ಹೇಳೋದ್ರಲ್ಲಿ ಪಾಯಿಂಟ್ ಇದೆ. ಮುಚ್ಚಿದ ಪೆಟ್ಟಿಗೆನೇ ಆಗ್ಲಿ.’ ಕೀರ್ತನ ಆ ಪೆಟ್ಟಿಗೆಯನ್ನು ಮುಂದಕ್ಕೆ ಸರಿಸಿದಳು, ಅವರು ತಿರುಗಿಸಿ ನೋಡಿದರು. ‘ಆದ್ರೆ ಒಳಗಿರೋದು ಕಾಣಲ್ವಲ್ಲ, ಅದಕ್ಕೆ ಪೆಟ್ಟಿಗೆ ಮೇಲೆ ದೊಡ್ಡದಾಗಿ ಚಿತ್ರ ಹಾಕ್ಸೋಣ. ಎದುರುಗಡೆ ಪೂರ್ತಿ ಬೆಲ್ಲದ ಚಿತ್ರ. ಒಂದು ಮಗು ಕೈಯಲ್ಲಿ ಹಿಡ್ಕೊಂಡಿರೋ ಹಾಗೆ. ಏನಂತೀರಿ ಮೇಡಂ?’

‘ಚೆನ್ನಾಗಿರುತ್ತೆ’ ಎಂದಳು ಸುನಿತಕ್ಕ.

ಕೀರ್ತನಳಿಗೆ ಕೋಣೆಯ ಮಾತುಗಳೆಲ್ಲ ನಾಲೆಯ ನೀರಿನ ಸದ್ದಿನ ಹಾಗೆ ದೂರವಾದವು. ಆ ಮಗುವಿನ ಕೈ ಅವಳಿಗೆ ಗೊತ್ತಿತ್ತು. ಇಷ್ಟು ದಿನ ಬಚ್ಚಲ ಕಟ್ಟೆಗೆ ಚಾಚುತ್ತಿದ್ದ ಕೈಯೇ ಈಗ ಪೆಟ್ಟಿಗೆಯ ಮೇಲೆ ಬಂದು ಕೂರುತ್ತಿದೆ. ಅದನ್ನು ಅಲ್ಲಿಗೆ ಕರೆತಂದದ್ದು ತನ್ನದೇ ಮಾತು. ಸುಮ್ಮನಿದ್ದರೂ ಕೆಡುತ್ತದೆ, ಮಾತಾಡಿದರೂ ಕೆಡುತ್ತದೆ, ಅರ್ಧ ಮಾತಾಡಿದರೆ ಎಲ್ಲಕ್ಕಿಂತ ಹೆಚ್ಚು ಕೆಡುತ್ತದೆ. ರಘುನಂದನ್ ‘ಬರೀ ಬಿಲ್ಲೆ ಒಂದು ಕೊಡಿ, ಫೋಟೊ ತೆಗೀತೀನಿ’ ಎಂದು ಕೈ ಚಾಚಿದಾಗಲೇ ಅವಳು ಟೇಬಲ್ಲಿನ ತುದಿಯನ್ನು ನೋಡಿದ್ದು. ತಟ್ಟೆ ಇರಲಿಲ್ಲ. ಸುನಿತಕ್ಕ ಪೊಟ್ಟಣದಿಂದಲೇ ಒಂದನ್ನು ಬಿಡಿಸಿ ಕೊಟ್ಟಳು. ಇರುವೆಗೆ ಹೆದರಿ ಸುನಿತಕ್ಕನೇ ತಟ್ಟೆ ಎತ್ತಿಟ್ಟಿರಬೇಕು ಎಂದುಕೊಂಡಳು ಕೀರ್ತನ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

ಸೋಮಮ್ಮ ಮನೆಯ ಬಾಗಿಲಿನಿಂದ ಬಂದರು. ಒಂದು ಕೈಯಲ್ಲಿ ನೀರಿನ ಚೊಂಬು, ಇನ್ನೊಂದು ಕೈಯಲ್ಲಿ ಹಿತ್ತಾಳೆಯ ತಟ್ಟೆ. ‘ಬಿಸ್ಲಲ್ಲಿ ಬಂದವ್ರೆ, ಮಾತಲ್ಲೇ ಒಟ್ಟೆ ತುಂಬುಸ್ತೀಯಲ್ಲ ಸುನಿತಾ. ಕಾಪಿ ಗೀಪಿ ಆಮೇಲ್ ಆಗ್ಲಿ. ತಕ್ಕಳಪ್ಪ, ಒಂದ್ ಅಚ್ಚು ಬೆಲ್ಲ ಬಾಯ್ಗಾಕ್ಕಂಡು ನೀರ್ ಕುಡಿ. ಬಾರಪ್ಪ ಲಕ್ಸ್ಮಣಾಚಾರಿ, ನೀನ್ಯಾಕೆ ಗೋಡೆಗೆ ಅಂಟ್ಕಂಡಿದ್ದೀಯೆ, ನೀನೂ ತಕ್ಕೊ. ಸೈಕಲ್ ತುಳ್ಕಂಡ್ ಬಂದಿದ್ದೀಯಂತೆ.’ ಬಂದವರ ಕೈಗೆ ನೀರು ಬೆಲ್ಲ ಇಡದೆ ಮಾತಿಗೆ ಕೂರಿಸಬಾರದು ಎಂಬುದು ಅಜ್ಜಿಯ ಕಟ್ಟಳೆ. ಬೆಲ್ಲ ಪಕ್ಕದ ತೋಟದ ಆಲೆಮನೆಯದು; ಅಲ್ಲಿ ಇವತ್ತಿಗೂ ಅಪ್ಪನದೇ ಹಳೆಯ ಅಚ್ಚು. ಅಜ್ಜಿ ಅದನ್ನು ಏಲಕ್ಕಿ ಸಿಪ್ಪೆ ಹಾಕಿದ ಡಬ್ಬಿಯಲ್ಲಿಡುತ್ತಿದ್ದರು. ‘ಇಂದ್ ಬೆಳಿಗ್ಗೆ ನಾನು ನೋಡ್ದೆ ಇದ್ದಿದ್ರೆ ಅರ್ಧ ಬೆಲ್ಲ ಇರುವೆ ಪಾಲಾಗೋದು’ ಎಂದು ಅಜ್ಜಿ ಯಾರಿಗೂ ಅಲ್ಲದಂತೆ ಹೇಳಿಕೊಂಡರು. ‘ಎತ್ತಿ ಡಬ್ಬಿಗಾಕ್ದೆ. ನಿಮ್ ಹುಡ್ಗೀನ ಕೇಳಿದ್ರೆ ಬಾಯೇ ಬುಡಾಕಿಲ್ಲ.’

ಕೀರ್ತನಳ ನಾಲಿಗೆಯ ಮೇಲಿದ್ದ ಒಗರು ಒಮ್ಮೆಲೇ ಬಾಯಿತುಂಬ ಹರಡಿತು. ತಟ್ಟೆಯನ್ನು ನೋಡಿದಳು. ಒತ್ತೊತ್ತಾಗಿ ಕೂತಿದ್ದ ಅಚ್ಚುಗಳು, ಎಲ್ಲಕ್ಕೂ ಅದೇ ಕಂದುಹಳದಿ, ಅದೇ ತಗ್ಗಿದ ಅಂಚು, ಮೇಲೆ ಅದೇ ಸಣ್ಣ ಗೆರೆ. ಇದು ಅಲ್ಲ, ಅದು ಎಂದು ಕಣ್ಣಲ್ಲೇ ಆರಿಸಲು ನೋಡಿದಳು. ಎಡಗಡೆಯದು ಕೊಂಚ ಹೊಳೆಯುತ್ತದೆ, ಎಣ್ಣೆಯ ಹೊಳಪಿರಬೇಕು. ಅಲ್ಲ, ಬಿಸಿಲಿಗೆ ಬೆಲ್ಲವೂ ಬೆವರುತ್ತದೆ. ತಿಂಗಳುಗಟ್ಟಲೆ ಇದನ್ನೇ ಮುಟ್ಟಿ, ತೂಗಿ, ಸುತ್ತಿ, ನೆಕ್ಕಿಯೂ ನೋಡಿದವಳು. ರಘುನಂದನ್ ಒಂದನ್ನು ಎತ್ತಿಕೊಂಡು, ಮಾತಿನ ನಡುವೆಯೇ, ಬಾಯಿಯ ಹತ್ತಿರಕ್ಕೆ ತಂದು, ‘ಮಗು ಐದು ವರ್ಷದ್ದಿರ್ಲಿ ಮೇಡಂ, ಮುದ್ದಾಗಿರುತ್ತೆ’ ಎನ್ನುತ್ತಿದ್ದರು. ಲಕ್ಷ್ಮಣಾಚಾರಿ ಬೆವರಿದ ಕೈಯನ್ನು ಶರಟಿಗೆ ಒರೆಸಿಕೊಂಡು, ಬಗ್ಗಿ, ಎರಡು ಬೆರಳಲ್ಲಿ ಒಂದನ್ನು ಎತ್ತಿಕೊಂಡ. ಬಾಯಿಗಿಡುವ ಮೊದಲು ಅದನ್ನು ತಿರುಗಿಸಿ ಅಂಚು ನೋಡಿದ. ಯಾವ ಬೆಲ್ಲವನ್ನು ತಿನ್ನುವಾಗಲೂ ಮೊದಲು ಅಂಚು ನೋಡುವುದು ಅವನ ರೂಢಿ. ನೋಡಿ, ಅವನ ಮುಖ ಅರಳಿತು. ‘ನೋಡಿ ಸಾರ್, ಇದು ನನ್ನ ಹಳೇ ಅಚ್ಚಿಂದು. ಬೆಲ್ಲ ಅಂದ್ರೆ ಇದು. ಇದನ್ನೇ ಮನಸ್ನಲ್ಲಿ ಮಡಿಕ್ಕಂಡು ನಿಮ್ಮದ್ನೂ ಕೆತ್ತಿವ್ನಿ’ ಎಂದು, ಹಿಂದಿನ ಹಲ್ಲಿಲ್ಲದ ಜಾಗ ಕಾಣುವ ಹಾಗೆ ಬಾಯಿ ತೆರೆದ. ಅವನ ಕೈಯಲ್ಲಿದ್ದದ್ದು ಬೆಲ್ಲವೋ ಏನೋ. ಅವನು ಹೇಳಿದ ಮೇಲೆ ಬೆಲ್ಲವೇ ಇರಬೇಕು. ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸುಮ್ಮನಿದ್ದರೆ ಒಂದು ಕ್ಷಣದಲ್ಲಿ ಅವನ ನಾಲಿಗೆಯೇ ಹೇಳುತ್ತದೆ, ತಾನು ಹೇಳಬೇಕಾಗಿಲ್ಲ. ಮೂರು ವರ್ಷ ತಾನು ಹಾಜರಿ ಹೇಳಿದ್ದ ಕೀರ್ತಿ ಎಂಬ ಆ ಇನ್ನೊಬ್ಬ ಹುಡುಗಿ ಇಲ್ಲಿದ್ದಿದ್ದರೆ ಏನಾದರೂ ಹೇಳುತ್ತಿದ್ದಳೇನೋ. ಆದರೆ ಆ ಹುಡುಗಿ ಎಲ್ಲೂ ಇರಲಿಲ್ಲ. ಬಾಗಿಲ ಬೆಳಕಿನಲ್ಲಿ ಅಪ್ಪನ ತುಟಿ ಮಾತ್ರ ಇತ್ತು, ತುಟಿಯ ಹತ್ತಿರ ಅದು ಇತ್ತು.

‘ಅಪ್ಪಾ!’

ಕೋಣೆಯಲ್ಲಿ ಎಲ್ಲರೂ ತಿರುಗಿದರು. ಅಜ್ಜಿ ಕೂಡ ತಿರುಗಿದರು.  ಕೀರ್ತನಳ ದನಿ ಈ ಸಲ ಇಳಿಯಲಿಲ್ಲ.

‘ಬಾಯಿಗೆ ಹಾಕ್ಬೇಡಪ್ಪ. ಸಾರ್, ನೀವೂ ಬೇಡ. ಆ ತಟ್ಟೇಲಿ ಯಾವ್ದು ಬೆಲ್ಲ, ಯಾವ್ದು ಬಿಲ್ಲೆ ಅಂತ ನಂಗೂ ಗೊತ್ತಾಗ್ತಾ ಇಲ್ಲ.’